ಎಷ್ಟು ಕೊಡುತ್ತೆ, ಎಷ್ಟು ಕೊಡಬೇಕು

ಪುಣೆಯ ಪೌಡ್ ರಸ್ತೆಯಿಂದ ಒಳಕ್ಕೆ ತಿರುಗಿ ವೇತಾಳ ಟೇಕಡಿಯ ಏರು ಹತ್ತಿದರೆ ಎಆರ್‌ಎಐ ಆವರಣ ಸಿಗುತ್ತದೆ. 1966ರಲ್ಲಿ ಶುರುವಾದ ವಾಹನ ಸಂಶೋಧನಾ ಸಂಸ್ಥೆ ಇದು. ಬೆಳಗಿನ ವಾಕಿಂಗಿಗೆ ಹೋಗುವವರು ಆ ಗುಡ್ಡವನ್ನೇ ‘ಎಆರ್‌ಎಐ ಹಿಲ್’ ಎಂದು ಕರೆಯುವುದುಂಟು. ಆದರೆ ಈ ಹೆಸರು ಪುಣೆಯಾಚೆಗೂ ಬಹಳ ದೂರ ಹೋಗಿದೆ. ಇಂಜಿನ್ನಿನ ಒಳಗೆ ಏನಿದೆ ಎಂದು ಎಂದೂ ಇಣುಕಿ ನೋಡದವರೂ ಶೋರೂಮಿನಲ್ಲಿ ಕೂತು ‘ಎಆರ್‌ಎಐ ಮೈಲೇಜ್ ಎಷ್ಟು’ ಎಂದು ಕೇಳುತ್ತಾರೆ. ಊರಿನ ಇನ್ನೊಂದು ತುದಿಯಲ್ಲಿ, ನಾಸಿಕ್ ರಸ್ತೆಯ ಭೋಸರಿಯಲ್ಲಿ, ಸಿಐಆರ್‌ಟಿ ಇದೆ. ಅಪಘಾತ ಪರೀಕ್ಷೆಯ ಭಾರತ್ ಎನ್‌ಕ್ಯಾಪ್ ಸ್ಟಾರ್‌ಗಳಿಗೆ ಪ್ರಮಾಣಪತ್ರ ಕೊಡುವುದು ಅದೇ. ಹಾಗಾಗಿ ಭಾರತದಲ್ಲಿ ಕಾರು ಕೊಳ್ಳುವವರು ನಂಬುವ ಎರಡು ದೊಡ್ಡ ಅಂಕಿಗಳಿಗೂ ಪುಣೆಯ ನಂಟಿದೆ. ಮೂರನೆಯ ಅಂಕಿಗೆ ಪ್ರಯೋಗಾಲಯದ ಹಂಗಿಲ್ಲ. ಅದು ಆನ್-ರೋಡ್ ಬೆಲೆ. ಶೋರೂಮಿನ ಮೇಜಿನ ಮೇಲೆ, ಕೊಟೇಶನ್ ಹಾಳೆಯಲ್ಲಿ ಹುಟ್ಟುತ್ತದೆ. ನಮ್ಮ ಜನ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಮೊದಲನೆಯದಕ್ಕೆ, ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಮೂರನೆಯದರಲ್ಲಿ.

ಮೈಲೇಜ್ ಅಂಕಿ ಹೇಗೆ ಹುಟ್ಟುತ್ತದೆಂದು ನೋಡಿದರೆ ಅದರ ಮೇಲಿನ ಭಕ್ತಿ ಸ್ವಲ್ಪ ಇಳಿಯುತ್ತದೆ. ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಯಾವ ಕ್ಷಣಕ್ಕೆ ಎಷ್ಟು ವೇಗ ಇರಬೇಕು ಎಂಬುದನ್ನು ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಎಂಬ ನಕ್ಷೆ ಮೊದಲೇ ಗೊತ್ತು ಮಾಡಿರುತ್ತದೆ. ಇಡೀ ಓಟ ಸುಮಾರು 20 ನಿಮಿಷದ್ದು. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ನಿಂತಲ್ಲಿಂದ 50 ಕಿ.ಮೀ. ವೇಗ ತಲುಪಲು ಇಲ್ಲಿ 26 ಸೆಕೆಂಡು ತೆಗೆದುಕೊಳ್ಳಬಹುದು. ಸ್ವಾರ್‌ಗೇಟ್ ಸಿಗ್ನಲ್ಲಿನಲ್ಲಿ ಯಾರಾದರೂ ಅಷ್ಟು ನಿಧಾನವಾಗಿ ಹೊರಟರೆ ಹಿಂದಿನ ಸ್ಕೂಟರುಗಳು ಹಾರ್ನ್ ಬಡಿದು ಬಡಿದು ಕಿವುಡು ಮಾಡಿಯಾವು. ಇಷ್ಟು ವರ್ಷ ಗ್ರಾಹಕರ ಮುಂದಿಟ್ಟ ಅಂಕಿಗಳೆಲ್ಲ ಏಸಿ ಆಫ್ ಮಾಡಿ ತೆಗೆದವು. ಕಾತ್ರಜ್ ಘಾಟಿನ ಏರು, ಹಿಂಜವಡಿಯ ಸಂಜೆಯ ಟ್ರಾಫಿಕ್, ಡಿಕ್ಕಿ ತುಂಬ ಲಗೇಜು, ಯಾವುದಕ್ಕೂ ಆ ನಕ್ಷೆಯಲ್ಲಿ ಜಾಗವಿಲ್ಲ.

ಈ ನಕ್ಷೆ ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯ ತಮ್ಮ. ಅಣ್ಣನನ್ನು ಯುರೋಪು 2017ರಿಂದ ಬದಿಗಿಟ್ಟು, ಹೆಚ್ಚು ಕಠಿಣವಾದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಗೆ ಬದಲಾಯಿತು. ಅಮೆರಿಕವಂತೂ 2008ರ ಮಾದರಿಗಳಿಂದಲೇ ಏಸಿ, ಚಳಿ ಮತ್ತು ಹೆಚ್ಚಿನ ವೇಗದ ಓಟಗಳನ್ನೂ ಲೆಕ್ಕಕ್ಕೆ ತಂದಿತು. ಇನ್ನೊಂದು ಸಂಗತಿ: ನಮ್ಮಲ್ಲಿ ಎಲ್ಲ ಕಾರುಗಳ ಪರೀಕ್ಷೆಯೂ ಪುಣೆಯಲ್ಲೇ ಆಗುವುದಿಲ್ಲ. ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳೂ ಇದನ್ನು ಮಾಡುತ್ತವೆ. ಹೆಸರು ಮಾತ್ರ ಎಆರ್‌ಎಐದೇ ನಿಂತುಬಿಟ್ಟಿದೆ.

ಪ್ರಯೋಗಾಲಯಕ್ಕೂ ರಸ್ತೆಗೂ ಇರುವ ಈ ಅಂತರ ಒಮ್ಮೆ ಪುಣೆಯ ಹೊಸ್ತಿಲಲ್ಲೇ ಬಯಲಾಗಿತ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಹೊಗೆ ಪರೀಕ್ಷೆಯಲ್ಲಿ ಮಾಡಿದ ಮೋಸದ ಹಗರಣ ಸ್ಫೋಟಿಸಿದಾಗ ಅದರ ಇಲ್ಲಿನ ಡೀಸೆಲ್ ಕಾರುಗಳನ್ನು ರಸ್ತೆಯ ಮೇಲೆ ಪರೀಕ್ಷಿಸಿದ್ದು ಇದೇ ಎಆರ್‌ಎಐ. ಪ್ರಯೋಗಾಲಯದಲ್ಲಿ ಸಭ್ಯವಾಗಿದ್ದ ಇಂಜಿನ್ನುಗಳು ರಸ್ತೆಯಲ್ಲಿ ಮಿತಿ ಮೀರಿ ಹೊಗೆ ಉಗುಳುತ್ತಿದ್ದವು. ಪುಣೆಯ ಬಳಿಯ ಚಾಕಣದಲ್ಲಿ ಕಾರ್ಖಾನೆ ಇದ್ದ ಕಂಪನಿ ಆ ಡಿಸೆಂಬರಿನಲ್ಲಿ ಭಾರತದಲ್ಲಿ ಸುಮಾರು 3.23 ಲಕ್ಷ ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಯುವುದಾಗಿ ಹೇಳಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ₹500 ಕೋಟಿ ದಂಡ ಹಾಕಿತು. ಅದು ಹೊಗೆಯ ಪ್ರಕರಣ, ಮೈಲೇಜಿನದಲ್ಲ, ನಿಜ. ಆದರೂ ರೋಲರಿನ ಮೇಲಿನ ಸತ್ಯಕ್ಕೂ ಡಾಂಬರಿನ ಮೇಲಿನ ಸತ್ಯಕ್ಕೂ ಎಷ್ಟು ದೂರ ಇರಬಹುದೆಂದು ಅದರಷ್ಟು ಚೆನ್ನಾಗಿ ತೋರಿಸಿದ ಪ್ರಕರಣ ಇನ್ನೊಂದಿಲ್ಲ. ಮೈಲೇಜಿನ ಬಗ್ಗೆಯೇ ಬೇಕೆಂದರೆ ಕೇರಳದ ತ್ರಿಶ್ಶೂರಿಗೆ ಹೋಗಬೇಕು. ಲೀಟರಿಗೆ 32 ಕಿ.ಮೀ. ಎಂಬ ಜಾಹೀರಾತು ನಂಬಿ ಫೋರ್ಡ್ ಡೀಸೆಲ್ ಕಾರು ಕೊಂಡವರೊಬ್ಬರ ದೂರಿನ ಮೇಲೆ ತಜ್ಞರು ಅಳೆದಾಗ ಬಂದದ್ದು ಸುಮಾರು 20. ಅಲ್ಲಿನ ಗ್ರಾಹಕ ಆಯೋಗ ಮೂರು ಲಕ್ಷ ರೂಪಾಯಿಗೂ ಮಿಕ್ಕಿದ ಪರಿಹಾರ ಕೊಡಿಸಿತು.

ವಿದ್ಯುತ್ ಕಾರುಗಳಲ್ಲಿ ಈ ಅಂಕಿಗೆ ಇನ್ನೂ ಹೆಚ್ಚು ಬೆಲೆ ತೆರಬೇಕಾಗುತ್ತದೆ, ಏಕೆಂದರೆ ಅಲ್ಲಿ ಅದು ಖರ್ಚಿನ ಪ್ರಶ್ನೆ ಮಾತ್ರವಲ್ಲ, ಊರು ತಲುಪುವ ಪ್ರಶ್ನೆ. ಪುಣೆಯಲ್ಲಿರುವ ಕನ್ನಡಿಗರ ಪೈಕಿ ಬಹಳ ಜನರ ಊರು ಉತ್ತರ ಕರ್ನಾಟಕದಲ್ಲಿದೆ. ಅವರ ದಾರಿ ಖಂಬಾಟ್ಕಿ ಘಾಟು, ಸಾತಾರಾ, ಕೊಲ್ಹಾಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 48. ಟಾಟಾ ನೆಕ್ಸಾನ್ ಇವಿಯ 45 ಕಿಲೋವ್ಯಾಟ್-ಅವರ್ ಬ್ಯಾಟರಿಗೆ ಪರೀಕ್ಷೆಯ ಅಂಕಿ 489 ಕಿ.ಮೀ. ಅದನ್ನು ನಂಬಿ ಹೊರಟವರು ಒಂದೇ ಚಾರ್ಜಿನಲ್ಲಿ ಹುಬ್ಬಳ್ಳಿ ಮುಟ್ಟಿಬಿಡುತ್ತೇವೆ ಎಂದುಕೊಂಡಾರು. ಅದೇ ಕಂಪನಿ ‘ಸಿ75’ ಎಂಬ ಇನ್ನೊಂದು ಅಂಕಿಯನ್ನೂ ಕೊಡುತ್ತದೆ. ನೂರರಲ್ಲಿ ಎಪ್ಪತ್ತೈದು ಗ್ರಾಹಕರಿಗೆ ನಿಜವಾಗಿ ದಕ್ಕುವ ದೂರ ಅದು: 350ರಿಂದ 370 ಕಿ.ಮೀ. ಬೆಳಗಾವಿಗೆ ಸುಮಾರು 340. ಅಂದರೆ ಕೊಲ್ಹಾಪುರದ ಆಸುಪಾಸಿನಲ್ಲಿ ಊಟದ ಹೊತ್ತಿಗೆ ಚಾರ್ಜರ್ ಹುಡುಕುವುದು ವಿವೇಕ. ಕಂಪನಿಯೇ ಇಂಥ ಎರಡನೆಯ ಅಂಕಿಯನ್ನು ಮುಂದಿಟ್ಟದ್ದು ಮೆಚ್ಚಬೇಕಾದ ಸಂಗತಿ. ಪೆಟ್ರೋಲ್ ಕಾರಿಗೂ ಇಂಥದೊಂದು ಅಂಕಿ ಯಾಕಿಲ್ಲ ಎಂದು ಗ್ರಾಹಕರು ಕೇಳದಿರುವುದು ಅಚ್ಚರಿ.

ಹಾಗಾದರೆ ಎಆರ್‌ಎಐ ಅಂಕಿಯನ್ನು ಕಸದ ಬುಟ್ಟಿಗೆ ಹಾಕಬೇಕೆ? ಬೇಡ. ಎಲ್ಲ ಕಾರುಗಳೂ ಒಂದೇ ನಕ್ಷೆಯ ಮೇಲೆ ಓಡುವುದರಿಂದ ಎರಡು ಕಾರುಗಳನ್ನು ಹೋಲಿಸಲು ಅದಕ್ಕಿಂತ ನ್ಯಾಯವಾದ ಸಾಧನ ನಮ್ಮಲ್ಲಿಲ್ಲ. ತನ್ನ ಜೇಬಿನ ಖರ್ಚು ಲೆಕ್ಕ ಹಾಕಲು ಮಾತ್ರ ಅದು ಉಪಯೋಗಕ್ಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ವ್ಯತ್ಯಾಸದ ಬೆಲೆ ಎಷ್ಟೆಂದು ಯಾರೂ ಲೆಕ್ಕ ಹಾಕುವುದಿಲ್ಲ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರು ಲೀಟರಿಗೆ 15 ಕಿ.ಮೀ. ಕೊಡುವ ಕಾರಿನ ಬದಲು 18 ಕೊಡುವುದನ್ನು ಕೊಂಡರೆ ಉಳಿಯುವುದು 111 ಲೀಟರು. ಪೆಟ್ರೋಲಿಗೆ ₹105 ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು ₹11,700, ತಿಂಗಳಿಗೆ ಸಾವಿರ ರೂಪಾಯಿಯೂ ಇಲ್ಲ. ಈ ಸಾವಿರಕ್ಕಾಗಿ ಮನೆಮಂದಿಯೆಲ್ಲ ಕೂತು ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಆಮೇಲೆ ಶೋರೂಮಿನಲ್ಲಿ ಸಾಲದ ಕಾಗದಕ್ಕೆ ಐದು ನಿಮಿಷದಲ್ಲಿ ಸಹಿ ಬೀಳುತ್ತದೆ.

ಆ ಐದು ನಿಮಿಷದ ಲೆಕ್ಕ ಹೀಗಿದೆ. ₹8 ಲಕ್ಷ ಸಾಲ, ಬಡ್ಡಿ ಶೇ 9. ಐದು ವರ್ಷಕ್ಕಾದರೆ ಕಂತು ಸುಮಾರು ₹16,600. ಒಟ್ಟು ಬಡ್ಡಿ ₹1.96 ಲಕ್ಷ. ‘ಸರ್, ಏಳು ವರ್ಷ ಮಾಡಿಬಿಡಿ, ಕಂತು ಹಗುರ’ ಎಂದು ಎದುರಿಗಿದ್ದವರು ಹೇಳುತ್ತಾರೆ. ಕಂತು ₹12,900ಕ್ಕೆ ಇಳಿಯುತ್ತದೆ, ಬಡ್ಡಿ ₹2.81 ಲಕ್ಷಕ್ಕೆ ಏರುತ್ತದೆ. ಹೆಚ್ಚುವರಿ ಸುಮಾರು ₹85,000. ಮೂರು ಕಿ.ಮೀ. ಮೈಲೇಜಿನಿಂದ ಏಳು ವರ್ಷ ಉಳಿಸಿದ್ದು ₹82,000. ಮೈಲೇಜಿನ ಚರ್ಚೆಯೆಲ್ಲ ಅಲ್ಲಿಗೆ ನೀರಿನಲ್ಲಿ ಹೋಮ.

ಕೊಟೇಶನ್ ಹಾಳೆಯನ್ನು ಸಾಲು ಸಾಲಾಗಿ ಓದುವವರು ಕಡಿಮೆ. ಅದರಲ್ಲಿ ಕೆಲವು ಸಾಲುಗಳು ಚೌಕಾಶಿಗೆ ಬಗ್ಗುವುದಿಲ್ಲ. ರಸ್ತೆ ತೆರಿಗೆ ಸರ್ಕಾರದ್ದು. ಥರ್ಡ್ ಪಾರ್ಟಿ ವಿಮೆಯ ದರವೂ ಸರ್ಕಾರ ಗೊತ್ತು ಮಾಡಿದ್ದು: 2018ರ ಸುಪ್ರೀಂ ಕೋರ್ಟ್ ಆದೇಶದಿಂದಾಗಿ ಹೊಸ ಕಾರಿಗೆ ಅದನ್ನು ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. 2022ರ ದರದಂತೆ 1000ದಿಂದ 1500 ಸಿಸಿ ಇಂಜಿನ್ನಿಗೆ ಅದು ₹10,640. ಆದರೆ ಸ್ವಂತ ಹಾನಿಯ ವಿಮೆಯ ಕತೆ ಬೇರೆ. ಅದನ್ನು ಒಂದೇ ವರ್ಷಕ್ಕೆ, ಎಲ್ಲಿಂದ ಬೇಕಾದರೂ ಕೊಳ್ಳಬಹುದು. ಡೀಲರ್ ಕೊಟ್ಟ ಮೊತ್ತವನ್ನು ಇನ್ನೆರಡು ಕಂಪನಿಗಳ ದರದೊಂದಿಗೆ ಇಟ್ಟು ನೋಡಿದರೆ ಅಂತರ ಕಣ್ಣಿಗೆ ಹೊಡೆಯುತ್ತದೆ. ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬ ಸಾಲನ್ನು ಕೊಡಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ‘ಇದು ಯಾತಕ್ಕೆ’ ಎಂದು ಕೇಳಿದವರ ಹಾಳೆಯಿಂದ ಅದು ಸದ್ದಿಲ್ಲದೆ ಮಾಯವಾಗುವುದೂ ಇದೆ. ಸೀಟ್ ಕವರು, ಮ್ಯಾಟು, ಪಾಲಿಶಿನ ‘ಬೇಸಿಕ್ ಕಿಟ್’ ಕೂಡ ಹಾಗೆಯೇ.

ರಸ್ತೆ ತೆರಿಗೆಯಲ್ಲಿ ಬರುವ ಹತ್ತು ಲಕ್ಷದ ಗೆರೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿಗೆ ಹತ್ತು ಲಕ್ಷದವರೆಗೆ ಶೇ 11 ತೆರಿಗೆ, ಅಲ್ಲಿಂದ ಇಪ್ಪತ್ತು ಲಕ್ಷದವರೆಗೆ ಶೇ 12. ಗೆರೆ ದಾಟಿದರೆ ಶೇ 1 ಟಿಸಿಎಸ್ ಕೂಡ ಸೇರುತ್ತದೆ. ಅದು ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವ ಹಣ, ರಿಟರ್ನ್ ತುಂಬುವಾಗ ಮರೆತವರಿಗೆ ಮಾತ್ರ ನಷ್ಟ. ಕರ್ನಾಟಕದಲ್ಲಿ ಏಟು ಇನ್ನೂ ಜೋರು. ಐದರಿಂದ ಹತ್ತು ಲಕ್ಷದವರೆಗೆ ಶೇ 14, ಹತ್ತರಿಂದ ಇಪ್ಪತ್ತರವರೆಗೆ ಶೇ 17, ತೆರಿಗೆಯ ಮೇಲೆ ಶೇ 11 ಸೆಸ್. ₹9.5 ಲಕ್ಷದ ಕಾರಿಗೆ ಪುಣೆಯಲ್ಲಿ ₹1,04,500 ಕಟ್ಟಿದರೆ ಬೆಂಗಳೂರಿನಲ್ಲಿ ₹1,47,000ಕ್ಕೂ ಹೆಚ್ಚು. ₹10.5 ಲಕ್ಷದ್ದಕ್ಕೆ ಪುಣೆಯಲ್ಲಿ ₹1,26,000, ಬೆಂಗಳೂರಿನಲ್ಲಿ ₹1,98,000.

ಇದನ್ನು ನೋಡಿ ‘ಪುಣೆಯಲ್ಲೇ ಕೊಂಡು ಊರಿಗೆ ಒಯ್ಯೋಣ’ ಎನ್ನುವ ಜಾಣರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ಆದರೆ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟ ವಾಹನಕ್ಕೆ ಅಲ್ಲಿನ ನೋಂದಣಿ ಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಎನ್‌ಒಸಿ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಮಹಾರಾಷ್ಟ್ರದಿಂದ ಬಾಕಿ ವಾಪಸ್ ಪಡೆಯಲು ಆರ್‌ಟಿಒ ಕಚೇರಿಗೆ ಅಲೆಯುವಷ್ಟರಲ್ಲಿ ಜಾಣತನದ ಲಾಭ ಚಪ್ಪಲಿ ಸವೆತಕ್ಕೇ ಸರಿಹೋಗುತ್ತದೆ. ವರ್ಗಾವಣೆಯ ನೌಕರಿಯವರಿಗೆ 2021ರಲ್ಲಿ ಬಂದ ಬಿಎಚ್ ಸರಣಿ ನಿಜವಾದ ಉಪಾಯ. ಸರ್ಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೂ ಅದು ಸಿಗುತ್ತದೆ, ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ಹಿಂಜವಡಿಯ ಐಟಿ ನೌಕರರಲ್ಲಿ ಬಹಳ ಮಂದಿ ಇದಕ್ಕೆ ಅರ್ಹರು.

ಇನ್ನು ಸ್ಟಾರ್‌ಗಳು. ಮೂರು ಅಂಕಿಗಳಲ್ಲಿ ಹೆಚ್ಚು ಗೌರವಕ್ಕೆ ಅರ್ಹವಾದದ್ದು ಇದೇ, ಶೋರೂಮಿನಲ್ಲಿ ಕಡಿಮೆ ಕೇಳಿಬರುವುದೂ ಇದೇ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಐದು ಭಾರತೀಯ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂತು. ಅದರಲ್ಲಿ ಚಾಕಣದ ಫೋಕ್ಸ್‌ವ್ಯಾಗನ್ ಪೋಲೊ ಕೂಡ ಇತ್ತು. ಅದೇ ಪೋಲೊ ಎರಡು ಏರ್‌ಬ್ಯಾಗಿನೊಂದಿಗೆ ನಾಲ್ಕು ಸ್ಟಾರ್ ಪಡೆಯಿತು, ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನೇ ನಿಲ್ಲಿಸಿತು. ಕೆಳಗಿನ ವೇರಿಯಂಟಿನಲ್ಲಿ ಸನ್‌ರೂಫ್ ಇಲ್ಲ ಎಂದು ಕೊರಗುವವರು ಈ ಕತೆಯನ್ನು ನೆನಪಿಡುವುದು ಒಳ್ಳೆಯದು. 2018ರಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್ ತಯಾರಾಗುವುದು ಪುಣೆ ಜಿಲ್ಲೆಯ ರಾಂಜಣಗಾವ್‌ನಲ್ಲಿ. 2023ರ ಅಕ್ಟೋಬರಿನಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್‌ನಲ್ಲಿ ಮೊದಲು ಐದು ಸ್ಟಾರ್ ಗಳಿಸಿದ ಹ್ಯಾರಿಯರ್, ಸಫಾರಿಗಳೂ ಪುಣೆಯವೇ.

ಆದರೆ ಸ್ಟಾರಿಗೂ ಮಿತಿ ಇದೆ. ಎದುರಿನ ಡಿಕ್ಕಿಯ ಪರೀಕ್ಷೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ನಡೆಯುತ್ತದೆ, ಎಕ್ಸ್‌ಪ್ರೆಸ್‌ವೇಯಲ್ಲಿ ಜನ ಓಡಿಸುವ ವೇಗದಲ್ಲಲ್ಲ. ಆ ಪರೀಕ್ಷೆ ಸರಿಸುಮಾರು ತನ್ನಷ್ಟೇ ತೂಕದ ಕಾರಿಗೆ ಗುದ್ದಿದಂತೆ. ಹಾಗಾಗಿ ಐದು ಸ್ಟಾರಿನ ಪುಟ್ಟ ಕಾರು ಐದು ಸ್ಟಾರಿನ ದೊಡ್ಡ ಎಸ್‌ಯುವಿಗೆ ಸಮ ಎಂದುಕೊಳ್ಳಬಾರದು. ಪರೀಕ್ಷೆಗೆ ಕಾರು ಕಳಿಸುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು, ಆದ್ದರಿಂದ ಸ್ಟಾರೇ ಇಲ್ಲದ ಕಾರಿನ ಮೌನವನ್ನೂ ಗಮನಿಸಬೇಕು. ಬೆಲ್ಟ್ ಕಟ್ಟದವರಿಗೆ ಯಾವ ಸ್ಟಾರೂ ಇಲ್ಲ: 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತದ್ದು ದುಬಾರಿ ಮರ್ಸಿಡಿಸ್‌ನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ.

ಯಾವಾಗ ಕೊಳ್ಳಬೇಕು ಎಂಬುದನ್ನು ಪುಣೆಯಲ್ಲಿ ಪಂಚಾಂಗ ನಿರ್ಧರಿಸುತ್ತದೆ. ಯುಗಾದಿಯ ದಿನದ ಗುಡಿ ಪಾಡವಾ, ಅಕ್ಷಯ ತೃತೀಯ, ದಸರಾ ಮತ್ತು ಅರ್ಧ ಲೆಕ್ಕದ ದೀಪಾವಳಿ ಪಾಡ್ಯ ಸೇರಿ ಸಾಡೇತೀನ್, ಅಂದರೆ ಮೂರೂವರೆ, ಮುಹೂರ್ತ. ಅಂದು ಶೋರೂಮುಗಳಲ್ಲಿ ಡೆಲಿವರಿಗೆ ಸಾಲು ನಿಂತಿರುತ್ತದೆ. ಮುಹೂರ್ತ ಮೂಢನಂಬಿಕೆಯೋ ಅಲ್ಲವೋ ಎಂಬ ವಾದ ಇಲ್ಲಿ ಅಪ್ರಸ್ತುತ; ವ್ಯಾವಹಾರಿಕ ತೊಂದರೆ ಬೇರೆಯೇ ಇದೆ. ಪಾಡವಾದಂದು ನಂಬರ್ ಪ್ಲೇಟಿನೊಂದಿಗೆ ಕಾರು ಹೊರಬರಬೇಕಾದರೆ ಹಣ ಪೂರ್ತಿ ಕಟ್ಟಿ, ನೋಂದಣಿಯೂ ಹಲವು ದಿನ ಮೊದಲೇ ಮುಗಿದಿರಬೇಕು. ಕಾರನ್ನು ಕೂಲಂಕಷವಾಗಿ ನೋಡುವ ಪಿಡಿಐ ಆಗಬೇಕಾದದ್ದು ಅದಕ್ಕೂ ಮೊದಲು: ಯಾರ್ಡಿನಲ್ಲಿ, ಹಗಲು ಬೆಳಕಿನಲ್ಲಿ, ಚಾಸಿ ನಂಬರಿನಿಂದ ತಯಾರಾದ ತಿಂಗಳು ಪತ್ತೆ ಮಾಡಿ, ಟೈರುಗಳ ಮೇಲಿನ ವಾರದ ಅಂಕಿ ಓದಿ, ಓಡೋಮೀಟರ್ ನೋಡಿ. ಡಿಸೆಂಬರಿನಲ್ಲಿ ತಯಾರಾದ ಕಾರನ್ನು ಜನವರಿಯಲ್ಲಿ ಹಳೆಯ ಬೆಲೆಗೇ ಕೊಂಡವರು ಮುಂದೆ ಮಾರುವಾಗ ಒಂದು ಇಡೀ ವರ್ಷದ ಬೆಲೆ ಬಿಟ್ಟುಕೊಡುತ್ತಾರೆ.

ಕನ್ನಡಿಗರು ಆಷಾಢದಲ್ಲಿ, ಮರಾಠಿಗರು ಪಿತೃಪಕ್ಷದಲ್ಲಿ ಹೊಸ ವಾಹನ ಮುಟ್ಟುವುದಿಲ್ಲ. ಅದಕ್ಕೇ ಆ ವಾರಗಳಲ್ಲಿ ಸೇಲ್ಸ್‌ನವರಿಗೆ ಪುರುಸೊತ್ತಿರುತ್ತದೆ. ಟೆಸ್ಟ್ ಡ್ರೈವಿಗೆ ಶೋರೂಮಿನ ಸುತ್ತ ಒಂದು ಸುತ್ತು ಹಾಕಿಸಿ ಕಳಿಸುವ ಬದಲು ಕಾತ್ರಜ್ ಏರಿನವರೆಗೂ ಬಿಡುತ್ತಾರೆ, ಕೊಟೇಶನ್ನಿನ ಪ್ರತಿ ಸಾಲಿಗೂ ಉತ್ತರ ಕೊಡುತ್ತಾರೆ. ಬುಕಿಂಗ್, ದರ, ವಿಮೆ, ಸಾಲದ ಮಾತನ್ನೆಲ್ಲ ಆಗಲೇ ಮುಗಿಸಿಟ್ಟು ಡೆಲಿವರಿಯನ್ನು ಮಾತ್ರ ಹಬ್ಬಕ್ಕೆ ಇಟ್ಟುಕೊಳ್ಳಲು ಯಾವ ಪಂಚಾಂಗದ ಅಡ್ಡಿಯೂ ಇಲ್ಲ.