ಸೋರಿದ ಪೆಟ್ರೋಲಿಗೆ ವಯಸ್ಸೆಷ್ಟು?

ಅಮೆರಿಕದಲ್ಲಿ ಹಳೆಯ ಪೆಟ್ರೋಲ್ ಬಂಕುಗಳ ಅಡಿ ಹೂತಿಟ್ಟ ಉಕ್ಕಿನ ಟ್ಯಾಂಕುಗಳು ತುಕ್ಕು ಹಿಡಿದು ಸೋರಿ, ಸಾವಿರಾರು ಕಡೆ ಅಂತರ್ಜಲ ಕೆಟ್ಟಿದೆ. ಅಷ್ಟರಲ್ಲಿ ಬಂಕಿನ ಒಡೆತನ ಹಲವು ಕೈ ದಾಟಿರುತ್ತದೆ. ಶುದ್ಧೀಕರಣದ ಖರ್ಚು ಯಾರ ತಲೆಗೆ ಎಂಬುದು ಸೋರಿಕೆ ಯಾವ ವರ್ಷದ್ದು ಎನ್ನುವುದರ ಮೇಲೆ ನಿಂತಿದೆ. ವಿಮೆಯ ಕಥೆಯೂ ಅದೇ: 1986ರ ಸುಮಾರಿಗೆ ಅಲ್ಲಿನ ಸಾಮಾನ್ಯ ಹೊಣೆಗಾರಿಕೆ ಪಾಲಿಸಿಗಳು ಮಾಲಿನ್ಯವನ್ನು ಬಹುಪಾಲು ಹೊರಗಿಟ್ಟವು. ಹೀಗೆ, ಮಣ್ಣು ಮತ್ತು ನೀರಿನ ಮಾದರಿ ನೋಡಿ ಸೋರಿಕೆಯ ವಯಸ್ಸು ಹೇಳುವುದು ಒಂದು ವೃತ್ತಿಯಾಗಿಯೇ ಬೆಳೆಯಿತು. ಅದರ ಅರ್ಧ ಭಾಗ ಗಟ್ಟಿ ನೆಲದ ಮೇಲಿದೆ. ಉಳಿದರ್ಧ ಹೇಳಬಲ್ಲದ್ದಕ್ಕಿಂತ ಹೆಚ್ಚು ಹೇಳುತ್ತಿದೆ.

ಗಟ್ಟಿಯಾಗಿರುವುದು ಪೆಟ್ರೋಲಿಗೆ ಬೆರೆಸಿದ ವಸ್ತುಗಳ ಲೆಕ್ಕ. ಎಂಜಿನ್ ಬಡಿತ ತಡೆಯುವ ಟೆಟ್ರಾಈಥೈಲ್ ಸೀಸ 1923ರಲ್ಲಿ ಮಾರುಕಟ್ಟೆಗೆ ಬಂತು. 1986ರಲ್ಲಿ ಅದರ ಮಿತಿ ಗ್ಯಾಲನ್ನಿಗೆ 0.1 ಗ್ರಾಮಿಗೆ ಇಳಿಯಿತು, 1996ರಲ್ಲಿ ರಸ್ತೆ ವಾಹನಗಳಿಗೆ ಪೂರ್ತಿ ನಿಷೇಧವಾಯಿತು. ಅದರ ಜಾಗಕ್ಕೆ 1979ರಲ್ಲಿ ಎಂಟಿಬಿಇ ಎಂಬ ಈಥರ್ ಬಂತು. ಮಾದರಿಯಲ್ಲಿ ಎಂಟಿಬಿಇ ಸಿಕ್ಕಿದರೆ, ಆ ಪೆಟ್ರೋಲಿನ ಒಂದು ಪಾಲಾದರೂ 1979ರ ಈಚಿನದು. ಈ ತರ್ಕವನ್ನು ಅಲುಗಿಸುವುದು ಕಷ್ಟ.

ಆದರೆ ಅದನ್ನು ತಿರುಗಿಸಿ ಓದಿದರೆ ಕುಸಿಯುತ್ತದೆ. ಸೀಸ ಕಾಣಲಿಲ್ಲ, ಆದ್ದರಿಂದ ಸೋರಿಕೆ ಹೊಸದು ಎನ್ನುವಂತಿಲ್ಲ; 1974ರಿಂದಲೇ ಅದೇ ಬಂಕಿನ ಪಕ್ಕದ ಟ್ಯಾಂಕಿನಲ್ಲಿ ಸೀಸರಹಿತ ಪೆಟ್ರೋಲೂ ಇರುತ್ತಿತ್ತು. ಎಂಟಿಬಿಇ ಇಲ್ಲವೆಂಬುದೂ ಸಾಕ್ಷ್ಯವಲ್ಲ. ಅದು ನೀರಿನಲ್ಲಿ ಸಲೀಸಾಗಿ ಕರಗಿ ಉಳಿದ ಘಟಕಗಳಿಗಿಂತ ಮುಂದೆ ಹರಿದುಹೋಗುತ್ತದೆ. 1996ರಲ್ಲಿ ಸಾಂಟಾ ಮೋನಿಕಾ ನಗರ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾದದ್ದು ಇದರಿಂದಲೇ. ಸೀಸವೂ ಎಂಟಿಬಿಇಯೂ ಒಟ್ಟಿಗೆ ಸಿಕ್ಕಿದರೆ 1979–96ರ ನಡುವಿನ ಒಂದೇ ಸೋರಿಕೆ ಎನ್ನುವ ಆಸೆ ಹುಟ್ಟುತ್ತದೆ. ಎರಡು ಕಾಲದ ಎರಡು ಸೋರಿಕೆಗಳೂ ಅದೇ ಚಿತ್ರವನ್ನು ಕೊಡಬಲ್ಲವು.

ಭೂರಸಾಯನಶಾಸ್ತ್ರಜ್ಞ ರಿಚರ್ಡ್ ಹರ್ಸ್ಟ್ ಸೀಸದ ಐಸೋಟೋಪುಗಳ ಮೂಲಕ ಹಿಡಿದ ದಾರಿ ನಿಜಕ್ಕೂ ಜಾಣತನದ್ದು. ಅಮೆರಿಕದ ಕೈಗಾರಿಕೆ 1960ರ ದಶಕದಿಂದ ಮಿಸಿಸಿಪಿ ಕಣಿವೆಯ ಅದಿರನ್ನು ಹೆಚ್ಚು ಹೆಚ್ಚು ಬಳಸಿದಂತೆ ಪೆಟ್ರೋಲಿನ ಸೀಸದ ಐಸೋಟೋಪು ಅನುಪಾತವೂ ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತು. ಆ ಏರಿಕೆಯೇ ಅವನ ಪಂಚಾಂಗ. ಮಣ್ಣಿನ ಸಹಜ ಸೀಸ ಬೆರೆತರೆ ಮಾತ್ರ ಓದು ತಪ್ಪುತ್ತದೆ.

ಹೆಚ್ಚು ಅನುಮಾನ ಬೇಕಾದದ್ದು ಬಿಟಿಇಎಕ್ಸ್ ಅನುಪಾತದ ಬಗ್ಗೆ. ಬೆಂಜೀನ್, ಟಾಲ್ಯೂಯೀನ್‌ಗಳ ಮೊತ್ತವನ್ನು ಈಥೈಲ್‌ಬೆಂಜೀನ್, ಕ್ಸೈಲೀನ್‌ಗಳ ಮೊತ್ತದಿಂದ ಭಾಗಿಸುವುದು ಇದರ ವಿಧಾನ. ಲೀಟರ್ ನೀರಿನಲ್ಲಿ ಬೆಂಜೀನ್ ಸುಮಾರು 1.8 ಗ್ರಾಂ ಕರಗಿದರೆ ಕ್ಸೈಲೀನ್ 0.2 ಗ್ರಾಂ ಮುಟ್ಟುವುದೂ ಕಷ್ಟ. ಆದ್ದರಿಂದ ಮೊದಲಿನ ಜೋಡಿ ಬೇಗ ತೊಳೆದುಹೋಗಿ, ಕಾಲ ಕಳೆದಂತೆ ಅನುಪಾತ ಇಳಿಯುತ್ತದೆ. ತತ್ವದಲ್ಲಿ ತಪ್ಪಿಲ್ಲ. ಆದರೆ ಇಳಿಕೆಯ ವೇಗ ಎಲ್ಲೆಡೆ ಒಂದೇ ಅಲ್ಲ: ಮರಳು ಮಣ್ಣೋ ಜೇಡಿಯೋ, ನೀರಿನಲ್ಲಿ ಆಮ್ಲಜನಕ ಎಷ್ಟಿದೆ, ಸೂಕ್ಷ್ಮಾಣುಗಳು ಯಾವುದನ್ನು ಮೊದಲು ತಿನ್ನುತ್ತವೆ, ಮಾದರಿ ತೆಗೆದ ಬಾವಿ ಟ್ಯಾಂಕಿಗೆ ಎಷ್ಟು ಹತ್ತಿರ ಎಂಬುದೆಲ್ಲ ಸೇರುತ್ತದೆ. ಹೊರಟ ಪೆಟ್ರೋಲಿನ ಅನುಪಾತವೂ ರಿಫೈನರಿಯಿಂದ ರಿಫೈನರಿಗೆ ಬೇರೆ. ಇನ್ನೂ ದೊಡ್ಡ ತೊಡಕೆಂದರೆ, ಟ್ಯಾಂಕು ಒಂದೇ ದಿನ ಸೋರುವುದಿಲ್ಲ. ಹನಿಹನಿಯಾಗಿ ಹದಿನೈದು ವರ್ಷ ಸೋರಿದ ಜಾಗದಲ್ಲಿ ಹಳೆಯದೂ ಹೊಸದೂ ಕಲೆತಿರುತ್ತವೆ. ಅಂಥ ಮಿಶ್ರಣಕ್ಕೆ ಒಂದು ಇಸವಿ ಕೊಡುವುದು ಅಳತೆಯಲ್ಲ, ಊಹೆ.

1993ರ ಡಾಬರ್ಟ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತಜ್ಞ ಸಾಕ್ಷ್ಯವನ್ನು ಅಳೆಯಲು ಕೊಟ್ಟ ಪ್ರಶ್ನೆಗಳು ಇಲ್ಲಿ ನೇರವಾಗಿ ತಾಗುತ್ತವೆ: ವಿಧಾನವನ್ನು ಪರೀಕ್ಷಿಸಬಹುದೇ, ಅದರ ದೋಷದ ಪ್ರಮಾಣ ಎಷ್ಟು? ಸೇರ್ಪಡೆಗಳ ಲೆಕ್ಕ ಇದನ್ನು ದಾಟುತ್ತದೆ. ಒಂದೇ ಅನುಪಾತವನ್ನು ನೆಚ್ಚಿ ಇಸವಿ ಹೇಳುವ ವರದಿ ದಾಟಬಾರದು. ಅದರ ಮೇಲೆ ಒಬ್ಬ ಸಣ್ಣ ಮಾಲೀಕನ ಆಸ್ತಿಯೇ ಹೋಗಬಹುದು.

ಭಾರತದಲ್ಲೂ ಇಂಥ ಗುರುತುಗಳಿವೆ. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸ ಹೋಯಿತು, 2020ರ ಏಪ್ರಿಲ್‌ನಲ್ಲಿ ಗಂಧಕದ ಮಿತಿ 50ರಿಂದ 10 ಪಿಪಿಎಮ್‌ಗೆ ಇಳಿಯಿತು, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಆದರೆ ಎಥನಾಲ್ ನೀರಿನಲ್ಲಿ ಬೆರೆತು ಸೂಕ್ಷ್ಮಾಣುಗಳ ಬಾಯಿಗೆ ಬೇಗ ಬೀಳುತ್ತದೆ, ಸಾಕ್ಷಿಯಾಗಿ ಬಹುಕಾಲ ನಿಲ್ಲುವುದಿಲ್ಲ. ಆದ್ದರಿಂದ ಬಂಕಿನ ದಾಸ್ತಾನು ಪುಸ್ತಕ, ಟ್ಯಾಂಕು ಬದಲಿಸಿದ ದಾಖಲೆ ಮತ್ತು ರಾಸಾಯನಿಕ ವರದಿ ಮೂರನ್ನೂ ಒಟ್ಟಿಗಿಟ್ಟು ಓದಬೇಕು. ಉತ್ತರ ಒಂದು ಇಸವಿಯ ಬದಲು ಹತ್ತು ವರ್ಷಗಳ ಅವಧಿಯಾಗಿ ಬಂದರೆ, ವರದಿಯಲ್ಲಿ ಹಾಗೆಯೇ ಬರೆಯಬೇಕು.