ರೂಢಿಯೂ ಧ್ವನಿಯೂ: ಕೆರೆಯ ಸೀಮೆಯ ಕೆಲವು ನುಡಿಗಟ್ಟುಗಳು

ನುಡಿಗಟ್ಟನ್ನು ಭಾಷೆಯ ಮೇಲೆ ತೊಡಿಸಿದ ಒಡವೆಯೆಂದು ಬಗೆಯುವ ವಾಡಿಕೆ ನಮ್ಮ ವ್ಯಾಕರಣ ಪಾಠಗಳಲ್ಲಿ ಬಹುಕಾಲದಿಂದ ಬಂದಿದೆ. ಅರ್ಥವನ್ನು ಬರೆದು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಬೇಕೆಂದು ವಿದ್ಯಾರ್ಥಿಗೆ ಅಪ್ಪಣೆಯಾಗುತ್ತದೆ. ಅವನು ‘ಕೈಕೊಡು’ ಎಂಬುದರ ಎದುರಿಗೆ ‘ಮೋಸಮಾಡು’ ಎಂದು ಬರೆದು ಪಾರಾಗುತ್ತಾನೆ. ಅರ್ಥವೇನೋ ಕೈಸೇರಿತು, ನುಡಿಗಟ್ಟು ಕಳೆದುಹೋದುದು ಮಾತ್ರ ಯಾರ ಗಮನಕ್ಕೂ ಬಾರದು. ಈ ಅಲಕ್ಷ್ಯಕ್ಕೆ ನಮ್ಮ ಅಲಂಕಾರಶಾಸ್ತ್ರವೂ ಸ್ವಲ್ಪಮಟ್ಟಿಗೆ ಹೊಣೆಯೆಂದು ನಮಗೆ ತೋರುತ್ತದೆ.

ಮುಖ್ಯಾರ್ಥಕ್ಕೆ ಬಾಧೆಯುಂಟಾಗಿ, ಅದರೊಡನೆ ಸಂಬಂಧವುಳ್ಳ ಬೇರೊಂದು ಅರ್ಥವು ರೂಢಿಯಿಂದಲಾಗಲಿ ಪ್ರಯೋಜನದಿಂದಲಾಗಲಿ ತೋರಿಬಂದರೆ ಅದು ಲಕ್ಷಣೆಯೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ನಿರೂಪಿಸಿರುವುದನ್ನು ವಿದ್ವಾಂಸರು ಬಲ್ಲರು. ಗಂಗೆಯಲ್ಲಿ ಗೊಲ್ಲರ ಹಳ್ಳಿಯಿದೆ ಎಂದಾಗ ಪ್ರಯೋಜನವಿದೆ: ದಡವೆಂದು ಹೇಳಿದರೆ ಬಾರದ ತಂಪೂ ಪಾವನತ್ವವೂ ಅಲ್ಲಿ ವ್ಯಂಗ್ಯವಾಗಿ ಬರುತ್ತವೆ. ‘ಕುಶಲ’ನೆಂದಾಗಲಾದರೋ ದರ್ಭೆ ಕೊಯ್ಯುವವನು ಯಾರ ನೆನಪಿಗೂ ಬಾರನು, ಅದು ಬರಿಯ ರೂಢಿ, ಅಲ್ಲಿ ವ್ಯಂಗ್ಯವಿಲ್ಲ. ಮಮ್ಮಟನಿಗಿಂತ ಮೊದಲೇ ಆನಂದವರ್ಧನನು ‘ಲಾವಣ್ಯ’ ಮುಂತಾದ ರೂಢಶಬ್ದಗಳನ್ನು ಧ್ವನಿಯ ಎಲ್ಲೆಯಿಂದ ಹೊರಗಿಟ್ಟಿದ್ದನು. ಲಾವಣ್ಯದಲ್ಲಿ ಉಪ್ಪಿನ ರುಚಿ ಉಳಿದಿಲ್ಲವೆಂಬುದು ನಿಜ. ಆದರೆ ‘ಉಪ್ಪಿನ ಋಣ’ ಎಂಬ ಕನ್ನಡದ ಮಾತಿನಲ್ಲಿಯೂ ಉಪ್ಪು ಸಪ್ಪೆಯಾಗಿದೆಯೆ? ರೂಢಿಗೆ ಬಿದ್ದ ಮಾತ್ರದಿಂದ ಮಾತಿನ ಮೊದಲರ್ಥವು ಸಾಯುವುದೆಂಬ ಸಿದ್ಧಾಂತವನ್ನು ದೇಶಭಾಷೆಯ ಪಡೆನುಡಿಗಳಿಗೆ ಹಾಗೆಯೇ ಅನ್ವಯಿಸಬಹುದೆ? ಇದೇ ಪ್ರಕೃತ ಪ್ರಶ್ನೆ.

ಇಂತಹ ಪ್ರಶ್ನೆಯನ್ನು ಒರೆಗೆ ಹಚ್ಚುವುದಕ್ಕೆ ಆ ಮಾತುಗಳು ಯಾವ ವಸ್ತುವಿನಿಂದ ಹುಟ್ಟಿದುವೋ ಆ ವಸ್ತು ಇನ್ನೂ ಜನರ ಕಣ್ಣೆದುರಿಗಿರುವ ಒಂದು ಸೀಮೆ ಬೇಕು. ತುಮಕೂರು ಜಿಲ್ಲೆಯ ಉತ್ತರಭಾಗವು ಅಂತಹುದು. ಶಿರಾ, ಪಾವಗಡಗಳಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಬೇಸಾಯವು ಮಳೆಯನ್ನೂ ಕೆರೆಯನ್ನೂ ನಂಬಿ ಬೆಳೆದುದು. ನೆರೆಯ ಕೊರಟಗೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಶಿರಾ ತಾಲ್ಲೂಕಿನ ಮದಲೂರಿನ ದೊಡ್ಡ ಕೆರೆಯು ಬಹುಕಾಲ ಬರಿದಾಗಿದ್ದು, 2020ರ ಶಿರಾ ಉಪಚುನಾವಣೆಯಲ್ಲಿ ಅದಕ್ಕೆ ಹೇಮಾವತಿಯ ನೀರನ್ನು ಹರಿಸುವ ಮಾತೇ ಮುಖ್ಯವಾಯಿತೆಂಬುದನ್ನು ವಾಚಕರು ನೆನೆಯಬಹುದು. ಒಂದು ಕೆರೆಯ ಹೆಸರು ರಾಜ್ಯದ ಬಾಯಲ್ಲೆಲ್ಲ ಆಡುವಂತಾದ ಸೀಮೆಯಲ್ಲಿ ಕೆರೆಯ ನುಡಿಗಟ್ಟು ಬರಿಯ ರೂಢಿಯಾಗಿರಲಾರದು.

‘ಮಳೆ ಕೈಕೊಟ್ಟಿತು’ ಎಂಬುದನ್ನೇ ನೋಡೋಣ. ಸರ್ಕಾರದ ವರದಿಯಲ್ಲಿ ಇದು ‘ಮಳೆಯ ಕೊರತೆ’ ಎಂದಾಗುತ್ತದೆ. ಎರಡೂ ಒಂದೇ ಸಂಗತಿಯನ್ನು ಹೇಳುತ್ತವೆಂದು ಭಾವಿಸುವವರು ನುಡಿಗಟ್ಟಿನೊಳಗಿನ ಕಾಲಕ್ರಮವನ್ನು ಗಮನಿಸಿಲ್ಲ. ಮೊದಲು ನಂಬಿಕೆಯಿಲ್ಲದೆ ಕೈಕೊಡುವುದು ಸಾಧ್ಯವಿಲ್ಲ. ಹದ ಬಂದಿತೆಂದು ಬೀಜವನ್ನು ನೆಲಕ್ಕೆ ಹಾಕಿದವನಿಗೆ ಮಾತ್ರ ಮಳೆ ಕೈಕೊಡಬಲ್ಲುದು. ಬಿತ್ತದವನಿಗೆ ಮಳೆ ಬರಲಿಲ್ಲ, ಅಷ್ಟೆ. ಹೀಗೆ ಎರಡೇ ಪದಗಳಲ್ಲಿ ಬಿತ್ತನೆ, ಸಾಲ, ಮುಗಿಲನ್ನು ನೋಡುತ್ತ ಕಳೆದ ದಿನಗಳು ಎಲ್ಲವೂ ಅಡಗಿವೆ. ಪಾವಗಡದ ಕಡೆ ಕನ್ನಡದ ಜೊತೆಗೆ ತೆಲುಗೂ ಮನೆಮಾತಾಗಿರುವುದಷ್ಟೆ. ಆ ಭಾಷೆಯಲ್ಲಿಯೂ ‘ಚೆಯ್ಯಿಚ್ಚು’ ಎಂದರೆ ನಂಬಿದವರನ್ನು ನಡುದಾರಿಯಲ್ಲಿ ಬಿಡುವುದೇ. ಕೈ ಹಿಡಿದರೆ ರಕ್ಷಣೆ, ಕೈ ಬಿಟ್ಟರೆ ತ್ಯಾಗ, ಕೈ ಕೊಟ್ಟರೆ ವಂಚನೆ! ತರ್ಕಶಾಸ್ತ್ರಿಯು ಇದರಿಂದ ಗಾಬರಿಗೊಳ್ಳಬಹುದು, ಒಕ್ಕಲಿಗನು ಗಾಬರಿಗೊಳ್ಳನು.

‘ಕಣ್ಣೀರ ಕೋಡಿ’ಯ ಅವಸ್ಥೆ ಇದಕ್ಕಿಂತಲೂ ಶೋಚನೀಯವಾಗಿದೆ. ಪತ್ರಿಕೆಗಳಲ್ಲಿಯೂ ಕಾದಂಬರಿಗಳಲ್ಲಿಯೂ ಇದು ಹೊಳೆಯಂತೆ ಹರಿದ ಕಣ್ಣೀರು ಎಂಬಷ್ಟೇ ಅರ್ಥದಲ್ಲಿ ಸವೆದಿದೆ. ಕೋಡಿಯು ಹೊಳೆಯಲ್ಲ. ಕೆರೆಯು ತನ್ನ ಮಟ್ಟಕ್ಕೆ ತುಂಬಿ, ಇನ್ನು ಒಂದು ಅಂಗುಲ ಏರಿದರೂ ಏರಿಗೆ ಅಪಾಯವೆಂಬಾಗ ನೀರು ಹೊರಹೋಗಲೆಂದು ಕಟ್ಟಿದ ದಾರಿ ಅದು. ಆದಕಾರಣ ಕಣ್ಣೀರು ಕೋಡಿ ಬಿದ್ದಿತೆಂದರೆ ಹೆಚ್ಚು ಅತ್ತರೆಂದಲ್ಲ. ಬಹುಕಾಲ ಅಳದೆ ತಡೆದಿದ್ದರೆಂದು ಅರ್ಥ. ಇನ್ನೊಂದು ವಿಶೇಷವುಂಟು. ಬರದ ಸೀಮೆಯಲ್ಲಿ ಕೋಡಿ ಬೀಳುವುದು ಊರಿಗೆ ಹಬ್ಬ. ಜನರು ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಾರೆ. ಆ ಸಂತೋಷದ ಮಾತನ್ನೇ ದುಃಖಕ್ಕೆ ಎರವಲು ತಂದವರ ಎದೆಗಾರಿಕೆಯನ್ನು ಮೆಚ್ಚಬೇಕು. ಕೆರೆಯನ್ನು ಕಾಣದ ಓದುಗನಿಗೆ ಇದು ಮಮ್ಮಟನ ರೂಢಿಲಕ್ಷಣೆ. ಏರಿಯ ಮೇಲೆ ನಡೆದವನಿಗೆ ಪ್ರಯೋಜನವತಿ. ಒಂದೇ ಮಾತು, ಕೇಳುವವನು ಬೇರೆಯಾದುದರಿಂದ, ಶಾಸ್ತ್ರದ ಎರಡು ವರ್ಗಗಳಲ್ಲಿಯೂ ನಿಲ್ಲುತ್ತದೆ.

ಕೇಳುವವನಿಗೆ ತಕ್ಕಂತೆ ಅರ್ಥವು ಬೇರೆಯಾಗುವ ಈ ಗುಣವನ್ನೇ ಕಾವ್ಯದ ಕೀಲಾಗಿ ಮಾಡಿಕೊಂಡ ಕೃತಿಯೊಂದು ನಮ್ಮಲ್ಲಿದೆ; ಅದೂ ಕೆರೆಯದೇ ಕಥೆ. ‘ಕೆರೆಗೆ ಹಾರ’ವೆಂಬ ಜನಪದ ಲಾವಣಿಯ ಮಾತು ಉತ್ತರ ಕರ್ನಾಟಕದ್ದು, ಶಿರಾ ಸೀಮೆಯದಲ್ಲ, ಬರಿದಾದ ಕೆರೆಯ ಸಂಕಟವು ಮಾತ್ರ ಎರಡಕ್ಕೂ ಸಮಾನವಾದುದು. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದು. ಸೊಸೆಯೊಬ್ಬಳನ್ನು ಬಲಿಗೊಡಬೇಕೆಂದು ನಿಶ್ಚಯವಾಗುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವೆಂದು ಕಿರಿಯಳಾದ ಭಾಗೀರಥಿಯ ಮೇಲೆ ಅದು ಬೀಳುತ್ತದೆ. ಹೆಸರಿನಲ್ಲಿಯೇ ‘ಹಾರ’ವು ಮಾಲೆಯೋ ‘ಆಹಾರ’ದ ಮೊಟಕು ರೂಪವೋ ಎಂಬ ಸಂದೇಹವಿದೆ. ಇದನ್ನು ಬಗೆಹರಿಸಬೇಕಾದುದಿಲ್ಲ. ಮನೆಯವರಿಗೆ ಅದು ಮಾಲೆ, ಕೆರೆಗೆ ಆಹಾರ. ಇನ್ನು ‘ಕೊಡು’ ಎಂಬ ಕ್ರಿಯಾಪದ. ಹೆಣ್ಣನ್ನು ಮದುವೆಯಲ್ಲಿ ಕೊಡುವುದೂ ಕೆರೆಗೆ ಕೊಡುವುದೂ ಕನ್ನಡದಲ್ಲಿ ಒಂದೇ ಮಾತು. ಒಮ್ಮೆ ಕೊಡಲ್ಪಟ್ಟವಳನ್ನು ಮತ್ತೊಮ್ಮೆ ಕೊಡುವುದಕ್ಕೆ ಭಾಷೆಯಲ್ಲಿ ಅಡ್ಡಿಯೇ ಇಲ್ಲ!

ಕಥೆಯ ನಿಜವಾದ ಮರ್ಮವು ಭಾಗೀರಥಿಯು ತವರಿಗೆ ಬಂದಾಗ ಕಾಣುತ್ತದೆ. ಎಂದೂ ಬಾರದವಳು ಇಂದೇಕೆ ಬಂದೆ, ಏಕೆ ಕಣ್ಣೀರು ಎಂದು ತಂದೆಯು ಕೇಳುತ್ತಾನೆ. ಅವಳು ಬಲಿಯ ಮಾತೆತ್ತಳು. ಅತ್ತೆಮಾವಂದಿರು ತನ್ನನ್ನು ‘ಬೇರೆ ಇಡು’ವರಂತೆ ಎಂದಷ್ಟೇ ಹೇಳುತ್ತಾಳೆ. ಕೂಡುಕುಟುಂಬದ ನಾಡಿನಲ್ಲಿ ಬೇರೆ ಇಡುವುದೆಂದರೆ ಪಾಲು ಮಾಡಿ ಬೇರೆ ಒಲೆ ಹೂಡಿಸುವುದೆಂದು ಎಲ್ಲರಿಗೂ ಗೊತ್ತು. ತಂದೆಗೆ ಕೇಳಿಸುವುದು ಆ ರೂಢಾರ್ಥವೇ. ಇಟ್ಟರೆ ಇಡಲಿ, ಹೊಲಮನೆ ಕೊಡುತ್ತೇನೆಂದು ಅವನು ಸಮಾಧಾನಪಡಿಸುತ್ತಾನೆ. ತಾಯಿಯು ಒಡವೆ ಕೊಡುವೆನೆನ್ನುತ್ತಾಳೆ. ಇಲ್ಲಿ ಭಾಗೀರಥಿಯು ಸುಳ್ಳಾಡಿದಳೆ? ಇಲ್ಲ. ಅವಳನ್ನು ಬೇರೆ ಇಡುವುದು ನಿಜ, ಎಲ್ಲರಿಂದಲೂ, ಎಂದೆಂದಿಗೂ. ಪದಗಳ ಮೊದಲರ್ಥವೇ ಅವಳ ಅರ್ಥ. ರೂಢಿಯೇ ಅವಳ ಮರೆ. ಶಾಸ್ತ್ರವು ಹೇಳಿದ ಕ್ರಮವು ಇಲ್ಲಿ ತಲೆಕೆಳಗಾಗಿದೆ: ಮುಖ್ಯಾರ್ಥಕ್ಕೆ ಬಾಧೆ ಬಂದು ರೂಢಿಯು ಹುಟ್ಟುವುದರ ಬದಲು, ರೂಢಾರ್ಥಕ್ಕೇ ಬಾಧೆ ಬಂದು ಮುಖ್ಯಾರ್ಥವು ವ್ಯಂಗ್ಯವಾಗಿ ಎದ್ದುನಿಲ್ಲುತ್ತದೆ. ಅದು ತಂದೆಗೆ ಕೇಳಿಸದೆ ನಮಗೆ ಕೇಳಿಸುವುದರಿಂದಲೇ ಎದೆ ನಡುಗುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆಂಬ ಗಾದೆಯನ್ನು ನಂಬಿದ ಆ ತಂದೆಗೆ ನಿಜವು ತಿಳಿದಿದ್ದರೂ ಏನು ಮಾಡುತ್ತಿದ್ದನೋ ಹೇಳುವುದು ಕಷ್ಟ. ಮಗಳು ಆ ಪರೀಕ್ಷೆಯನ್ನು ಅವನಿಗೊಡ್ಡಲಿಲ್ಲ.

ಲಾವಣಿಯನ್ನು ಆತ್ಮಾರ್ಪಣದ ಕಥೆಯೆಂದು ಹೊಗಳುವ ವಿಮರ್ಶೆಯೊಂದಿಗೆ ನಮಗಿರುವ ಜಗಳವೂ ಇದೇ. ಸಂತೋಷದಿಂದ ಪ್ರಾಣವನ್ನರ್ಪಿಸುವವಳಿಗೆ ಮಾತನ್ನು ಮರೆಮಾಡುವ ಅಗತ್ಯವೇನು? ‘ಬೇರೆ ಇಡು’ ಎಂಬುದಕ್ಕೆ ‘ಪ್ರತ್ಯೇಕ ಸಂಸಾರ’ವೆಂದು ಟಿಪ್ಪಣಿ ಬರೆದು ಮುಂದೆ ಹೋಗುವ ಉಪಾಧ್ಯಾಯನು ತಂದೆಯ ಕಿವಿಯಿಂದ ಪದ್ಯವನ್ನು ಕೇಳಿದ್ದಾನೆಯೇ ಹೊರತು ಮಗಳ ಬಾಯಿಂದಲ್ಲ. ಗಂಗಾಪೂಜೆ ಮುಗಿಸಿ ಹಿಂದಿರುಗುವಾಗ ಮರೆತು ಬಿಟ್ಟ ಬಂಗಾರದ ಬಟ್ಟಲನ್ನು ತರಲು ಅವಳನ್ನೇ ಕಳುಹಿಸುವುದು, ಮೆಟ್ಟಿಲು ಮೆಟ್ಟಿಲಿಗೂ ನೀರು ಏರುವುದು, ಇವುಗಳಲ್ಲಿರುವ ಭಯವೆಲ್ಲವೂ ತವರಿನ ಆ ಒಂದು ಮಾತಿನಲ್ಲಿ ಆಗಲೇ ಹೇಳಿಯಾಗಿದೆ.

ಭಾಗೀರಥಿಯು ಮರೆಯಿಲ್ಲದೆ ಮಾತಾಡುವುದು ಒಂದೇ ಕಡೆ, ಗೆಳತಿಯ ಮುಂದೆ. ಅಲ್ಲಿ ಕೆರೆಗೆ ಹಾರ ಕೊಡುವರಂತೆಂದು ನೇರವಾಗಿ ಹೇಳಿಬಿಡುತ್ತಾಳೆ. ಗೆಳತಿಯ ಉತ್ತರವೂ ನುಡಿಗಟ್ಟೇ: ಇಟ್ಟ ಹಾಗೆ ಇರಬೇಕು. ತಂದೆಯ ಮನೆಯಲ್ಲಿ ಮರೆಯಾಗಿದ್ದ ‘ಇಡು’ ಇಲ್ಲಿ ತೀರ್ಪಾಗಿ ಮರಳಿದೆ. ದಂಡಿನಿಂದ ಬಂದ ಗಂಡನು ಹೆಂಡತಿಯೆಲ್ಲಿ ಎಂದು ಕೇಳಿದಾಗ, ಅವಳು ತವರಿಗೆ ಹೋಗಿದ್ದಾಳೆಂದು ಇಲ್ಲಿಯವರೂ, ಗೆಳತಿಯ ಮನೆಗೆ ಹೋಗಿದ್ದಾಳೆಂದು ಅಲ್ಲಿಯವರೂ ಹೇಳಿ ಕಳುಹಿಸುತ್ತಾರೆ. ಅವನಿಗೂ ನಿಜವು ದೊರೆಯುವುದು ಆ ಗೆಳತಿಯ ಬಾಯಿಂದಲೇ.