ತಲೆಯೊಳಗಿನ ದನಿಗಳು: ‘ಹೆಲ್‌ಬ್ಲೇಡ್’ ಆಟದ ಧ್ವನಿ ವಿನ್ಯಾಸ

‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’ ಎಂಬ ವಿಡಿಯೋ ಗೇಮ್ ಶುರುವಾಗುವಾಗಲೇ ಹೆಡ್‌ಫೋನ್ ಹಾಕಿಕೊಂಡು ಆಡುವಂತೆ ಸೂಚಿಸುತ್ತದೆ. ಅನಂತರ ಮಂಜು ಕವಿದ ನೀರಿನ ಮೇಲೆ ಒಂದು ಸಣ್ಣ ದೋಣಿ ಕಾಣಿಸುತ್ತದೆ. ಅದರಲ್ಲಿ ಕಥಾನಾಯಕಿ ಸೆನುವಾ ಒಬ್ಬಳೇ ಹುಟ್ಟು ಹಾಕುತ್ತ ಬರುತ್ತಾಳೆ. ಪರದೆಯ ಮೇಲೆ ಬೇರೆ ಯಾರೂ ಇಲ್ಲ. ಆದರೆ ಕಿವಿಯಲ್ಲಿ ಹೆಂಗಸರ ಪಿಸುಮಾತು ತುಂಬಿಕೊಳ್ಳುತ್ತದೆ. ಒಬ್ಬಳು ಎಡಗಿವಿಗೆ ಬಾಯಿಟ್ಟು ಹೆದರಿಸುತ್ತಾಳೆ, ಇನ್ನೊಬ್ಬಳು ಬೆನ್ನ ಹಿಂದೆ ನಗುತ್ತಾಳೆ, ಮತ್ತೊಬ್ಬಳು ಹಿಂತಿರುಗಿ ಹೋಗು ಎಂದು ಗೋಗರೆಯುತ್ತಾಳೆ. ಆಡುವವರು ಒಮ್ಮೆಯಾದರೂ ಹಿಂದಕ್ಕೆ ತಿರುಗಿ ನೋಡುವಷ್ಟು ಹತ್ತಿರದ ದನಿಗಳಿವು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ನಿಂಜಾ ಥಿಯರಿ ಸಂಸ್ಥೆ ಸುಮಾರು 20 ಜನರ ಪುಟ್ಟ ತಂಡ ಕಟ್ಟಿಕೊಂಡು ಈ ಆಟವನ್ನು ತಯಾರಿಸಿ, 2017ರ ಆಗಸ್ಟ್ 8ರಂದು ಬಿಡುಗಡೆ ಮಾಡಿತು. ಸೆನುವಾ ಈಗಿನ ಸ್ಕಾಟ್‌ಲೆಂಡ್ ಪ್ರದೇಶದಲ್ಲಿದ್ದ ಪಿಕ್ಟ್ ಜನಾಂಗದ ಯೋಧೆ. ಉತ್ತರದಿಂದ ಬಂದ ದಾಳಿಕೋರರು ಅವಳ ಪ್ರಿಯಕರ ಡಿಲಿಯನ್‌ನನ್ನು ಕೊಂದಿದ್ದಾರೆ. ಅವನ ತಲೆಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು, ಅವನ ಜೀವವನ್ನು ಮರಳಿ ಪಡೆಯಲು ಅವಳು ನಾರ್ಸ್ ಪುರಾಣದ ಸಾವಿನ ಲೋಕವಾದ ಹೆಲ್‌ಹೈಮ್‌ಗೆ ಹೊರಟಿದ್ದಾಳೆ. ಅವಳಿಗೆ ಸೈಕೋಸಿಸ್ ಎಂಬ ಮನೋರೋಗವಿದೆ. ಇಲ್ಲದ್ದು ಕಾಣುತ್ತದೆ, ಇಲ್ಲದವರ ಮಾತು ಕೇಳುತ್ತದೆ.

ಆ ಮಾತುಗಳನ್ನು ಹಿಡಿದ ವಿಧಾನವನ್ನು ಬೈನಾರಲ್ ಧ್ವನಿಮುದ್ರಣ ಎನ್ನುತ್ತಾರೆ. ಎಡಗಡೆಯಿಂದ ಬಂದ ಶಬ್ದ ಬಲಗಿವಿಯನ್ನು ತಲುಪುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ತಡವಾಗಿ. ನಡುವೆ ತಲೆ ಅಡ್ಡವಿರುವುದರಿಂದ ಅದು ತುಸು ಮಂದವೂ ಆಗುತ್ತದೆ. ಮುಂದಿನ ಶಬ್ದ ಯಾವುದು, ಹಿಂದಿನದು ಯಾವುದು ಎಂಬುದನ್ನು ಬಹುಮಟ್ಟಿಗೆ ಹೊರಗಿವಿಯ ಮಡಿಕೆಗಳು ತಿಳಿಸುತ್ತವೆ. ಮನುಷ್ಯನ ಕಿವಿಯಂಥ ಕಿವಿಗಳಲ್ಲಿ ಮೈಕ್ ಇಟ್ಟು ಮುದ್ರಿಸಿದರೆ ಈ ಸೂಕ್ಷ್ಮ ಸುಳಿವುಗಳೆಲ್ಲ ಶಬ್ದದ ಜೊತೆಗೇ ಸೆರೆಯಾಗುತ್ತವೆ. ಅಬ್ಬಿ ಗ್ರೀನ್‌ಲ್ಯಾಂಡ್ ಮತ್ತು ಹೆಲೆನ್ ಗೋಲೆನ್ ಎಂಬ ರಂಗನಟಿಯರು ಇಂಥ ಮೈಕಿನ ಸುತ್ತ ಓಡಾಡುತ್ತ, ಬಾಗುತ್ತ, ದೂರ ಸರಿಯುತ್ತ ದನಿಗಳ ಪಾತ್ರವನ್ನು ಅಭಿನಯಿಸಿದರು. ಧ್ವನಿ ವಿಭಾಗದ ನಿರ್ದೇಶಕ ಡೇವಿಡ್ ಗಾರ್ಸಿಯಾ. ಹೀಗೆ ಮುದ್ರಿಸಿದ ಪಿಸುಮಾತಿನಲ್ಲಿ ಉಸಿರು ಕೂಡ ಒಂದು ಗೊತ್ತಾದ ದಿಕ್ಕಿನಿಂದ ಬರುತ್ತದೆ.

ಈ ವಿಧಾನಕ್ಕೆ ಒಂದು ಮಿತಿಯಿದೆ. ವಿಡಿಯೋ ಗೇಮಿನಲ್ಲಿ ಆಟಗಾರ ಕ್ಯಾಮೆರಾವನ್ನು ಸದಾ ತಿರುಗಿಸುತ್ತಿರುತ್ತಾನೆ. ಎಡಗಡೆ ತೊರೆ ಹರಿಯುತ್ತಿದ್ದು, ಆಟಗಾರ ಎಡಕ್ಕೆ ತಿರುಗಿದರೆ ತೊರೆಯ ಸದ್ದು ಮುಂದಕ್ಕೆ ಬರಬೇಕು. ಹಾಗಾಗಿ ಆಟದ ಜಗತ್ತಿನ ಶಬ್ದಗಳ ದಿಕ್ಕನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಬದಲಾಯಿಸುತ್ತದೆ. ಬೈನಾರಲ್ ಆಗಿ ಮೊದಲೇ ಮುದ್ರಿಸಿಟ್ಟ ಶಬ್ದ ಹೀಗೆ ಬದಲಾಗದು. ಎಡಗಿವಿಯಲ್ಲಿ ಮುದ್ರಿಸಿದ್ದು, ಎತ್ತ ತಿರುಗಿದರೂ ಎಡಗಿವಿಯಲ್ಲೇ ಉಳಿಯುತ್ತದೆ. ಬೇರೆ ಆಟದಲ್ಲಾದರೆ ಇದು ದೊಡ್ಡ ದೋಷ. ‘ಹೆಲ್‌ಬ್ಲೇಡ್’ನಲ್ಲಿ ಈ ಮಿತಿಯೇ ಅರ್ಥಪೂರ್ಣವಾಗುತ್ತದೆ. ಬೆಂಕಿಯ ಚಟಪಟ, ಕತ್ತಿಗಳ ತಾಕಲಾಟ, ರಾಕ್ಷಸರ ಗುಟುರು ಇವೆಲ್ಲ ಲೋಕಕ್ಕೆ ಅಂಟಿಕೊಂಡಿವೆ. ಸೆನುವಾ ಮುಖ ತಿರುಗಿಸಿದರೆ ಅವೂ ಜಾಗ ಬದಲಿಸುತ್ತವೆ. ದನಿಗಳು ಮಾತ್ರ ತಲೆಗೇ ಅಂಟಿಕೊಂಡಿವೆ, ಅವುಗಳಿಗೆ ಬೆನ್ನು ಹಾಕಿ ಹೋಗಲು ದಾರಿಯಿಲ್ಲ. ಯಾವುದು ಹೊರಗಿನದು, ಯಾವುದು ಒಳಗಿನದು ಎಂಬುದನ್ನು ವಿವರಣೆಯ ಒಂದು ಮಾತೂ ಇಲ್ಲದೆ ಕಿವಿ ತಾನಾಗಿ ವಿಂಗಡಿಸಿಕೊಳ್ಳುತ್ತದೆ. ಈ ಆಟದ ಧ್ವನಿ ವಿನ್ಯಾಸದ ಅತಿ ದೊಡ್ಡ ಸಾಧನೆ ಇದೇ. ಕಣ್ಣು ಸೆನುವಾಳನ್ನು ಅವಳ ಬೆನ್ನ ಹಿಂದಿನಿಂದ ನೋಡುತ್ತಿದ್ದರೂ ಕಿವಿ ಅವಳ ತಲೆಯೊಳಗೇ ಕೂತಿರುತ್ತದೆ.

ಕಾಳಗದಲ್ಲಿ ಈ ವಿನ್ಯಾಸಕ್ಕೆ ಇನ್ನೊಂದು ಕೆಲಸವಿದೆ. ಬಹುಪಾಲು ಆಟಗಳಲ್ಲಿ ಪರದೆಯ ಅಂಚಿಗೆ ಶಕ್ತಿಯ ಪಟ್ಟಿ, ನಕ್ಷೆ, ಎಚ್ಚರಿಕೆಯ ಬಾಣಗಳಿರುತ್ತವೆ. ಇಲ್ಲಿ ಅವಾವುವೂ ಇಲ್ಲ. ಹಿಂದಿನಿಂದ ಒಬ್ಬ ಕೊಡಲಿ ಎತ್ತಿದ್ದಾನೆಂದು ಹೇಳುವುದು ದನಿಗಳೇ. ಸೆನುವಾ ನೆಲಕ್ಕೆ ಬಿದ್ದಾಗ ಅವು ಗಾಬರಿಯಿಂದ ಕೂಗುತ್ತವೆ, ಶತ್ರು ಸೋಲುವ ಹೊತ್ತಿಗೆ ಮುಗಿಸಿಬಿಡು ಎನ್ನುತ್ತವೆ. ಅರ್ಧ ಗಂಟೆಯ ಹಿಂದೆ ನೀನು ಅಯೋಗ್ಯೆ ಎಂದು ಹಂಗಿಸಿದ ದನಿಯನ್ನು ಈಗ ನಂಬಲೇಬೇಕಾಗುತ್ತದೆ. ನಂಬದಿದ್ದರೆ ಏಟು ಬೀಳುತ್ತದೆ. ಹೀಗೆ ದನಿಗಳ ಜೊತೆಗಿನ ಸೆನುವಾಳ ತೊಡಕಿನ ಸಂಬಂಧ ಆಡುವವರದ್ದೂ ಆಗಿಬಿಡುತ್ತದೆ.

ಶಬ್ದವನ್ನೇ ಆಟದ ನಿಯಮವಾಗಿಸಿದವುಗಳಲ್ಲಿ ‘ಹೆಲ್‌ಬ್ಲೇಡ್’ ಮೊದಲನೆಯದಲ್ಲ. 1998ರ ‘ಥೀಫ್’ ಆಟದಲ್ಲಿ ಕಲ್ಲುನೆಲದ ಮೇಲಿನ ಹೆಜ್ಜೆ ಕಾವಲುಗಾರನನ್ನು ಎಚ್ಚರಿಸುತ್ತಿತ್ತು, ಜಮಖಾನೆಯ ಮೇಲಿನ ಹೆಜ್ಜೆ ಕೇಳಿಸುತ್ತಿರಲಿಲ್ಲ. 2014ರ ‘ಏಲಿಯನ್: ಐಸೊಲೇಷನ್’ನಲ್ಲಿ ಅಪಾಯವನ್ನು ತೋರಿಸುವ ಯಂತ್ರದ ಬೀಪ್ ಸದ್ದೇ ಮೃಗವನ್ನು ಕರೆಯಬಲ್ಲದು. ಅವೆರಡರಲ್ಲಿ ಶಬ್ದ ಸುತ್ತಲಿನ ಜಾಗದ ಸುದ್ದಿ ಹೇಳುತ್ತದೆ. ‘ಹೆಲ್‌ಬ್ಲೇಡ್’ ಅದರ ಜೊತೆಗೆ ಒಂದು ಮನಸ್ಸಿನ ಸುದ್ದಿಯನ್ನೂ ಹೇಳುತ್ತದೆ.

ಆಟದ ನಡುವಿನ ಒಂದು ಪರೀಕ್ಷೆಯಲ್ಲಿ ಸೆನುವಾಳ ದೃಷ್ಟಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಪರದೆಯ ಮೇಲೆ ಕತ್ತಲು, ಮಸುಕು ಆಕಾರಗಳು. ಎಲ್ಲೋ ಮೃಗಗಳು ಉಸಿರಾಡುತ್ತಿವೆ. ಆಟಗಾರ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾನೆ, ಉಸಿರಿನ ದಿಕ್ಕು ನೋಡಿಕೊಂಡು ಮತ್ತೊಂದು ಹೆಜ್ಜೆ ಇಡುತ್ತಾನೆ. ಕೈಯಲ್ಲಿನ ಕಂಟ್ರೋಲರ್‌ನ ಕಂಪನವಷ್ಟೇ ಇನ್ನೊಂದು ಆಸರೆ. ಕಣ್ಣಿನ ಮೇಲೇ ಭಾರ ಹಾಕಿದ ಮಾಧ್ಯಮದಲ್ಲಿ ಕಿವಿಯನ್ನೇ ಇಷ್ಟು ಹೊತ್ತು ನಂಬಿ ನಡೆಸಿದ ದೊಡ್ಡ ಆಟಗಳು ಕಡಿಮೆ. ಆಟದಲ್ಲೇ ಬರುವ ಹೆಣಗಳ ಸಮುದ್ರದ ದೃಶ್ಯ ಇದಕ್ಕೆ ತದ್ವಿರುದ್ಧ. ಅಲ್ಲಿ ಚೀತ್ಕಾರ, ಬೆಂಕಿ, ದನಿಗಳು ಎಲ್ಲವೂ ಒಂದರ ಮೇಲೊಂದು ಬಿದ್ದು, ಒಂದನ್ನೂ ಬಿಡಿಸಿ ಕೇಳಲಾಗದಂತೆ ಕಿವಿ ತುಂಬಿಹೋಗುತ್ತದೆ.

ಮನೋರೋಗವನ್ನು ಆಟದ ಸಾಮಗ್ರಿಯಾಗಿಸುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ. ತಯಾರಕರು ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಸಲಹೆ ನೀಡಿದರು, ಆರೋಗ್ಯ ಸಂಶೋಧನೆಗೆ ಹಣ ನೀಡುವ ವೆಲ್‌ಕಮ್ ಟ್ರಸ್ಟ್ ನೆರವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಸ್ವತಃ ಇಂಥ ದನಿಗಳನ್ನು ಕೇಳುವ ಜನರ ಜೊತೆ ತಂಡ ಕೂತು ಮಾತಾಡಿತು. ಅದರ ಫಲ ದನಿಗಳ ಸ್ವಭಾವದಲ್ಲಿ ಕಾಣುತ್ತದೆ. ಸಿನಿಮಾದಲ್ಲಿ ಹುಚ್ಚು ಎಂದರೆ ಸಾಮಾನ್ಯವಾಗಿ ಪ್ರತಿಧ್ವನಿ ಬೆರೆಸಿದ ಅಟ್ಟಹಾಸ. ಇಲ್ಲಿನ ದನಿಗಳು ಮನೆಮಂದಿಯಂತೆ ತಮ್ಮತಮ್ಮಲ್ಲೇ ಜಗಳವಾಡುತ್ತವೆ, ಸಮಾಧಾನ ಹೇಳುತ್ತವೆ, ಮಾತು ಬದಲಿಸುತ್ತವೆ. ಇವುಗಳ ಜೊತೆಗೆ ಮುಖ್ಯ ನಿರೂಪಕಿಯ ದನಿಯೊಂದಿದೆ. ಆ ದನಿ ನೇರವಾಗಿ ಆಡುವವರನ್ನೇ ಮಾತಾಡಿಸಿ, ಅವರನ್ನೂ ಸೆನುವಾಳ ತಲೆಯೊಳಗಿನ ಒಂದು ದನಿಯಾಗಿ ಸೇರಿಸಿಕೊಳ್ಳುತ್ತದೆ. ದನಿಗಳು ಕಾಳಗದಲ್ಲಿ ಉಪಕಾರಿಯಾಗುವುದರಿಂದ ರೋಗವೇ ಒಂದು ವರವೆಂಬಂತೆ ಕಾಣುವ ಅಪಾಯವಿದೆ, ನಿಜ. ಆದರೆ ಅದೇ ದನಿಗಳು ಉಳಿದ ಹೊತ್ತಿನಲ್ಲಿ ಅವಳನ್ನು ಎಷ್ಟು ಹಿಂಸಿಸುತ್ತವೆ ಎಂಬುದನ್ನು ಕೇಳಿದವರಿಗೆ ಆ ಭ್ರಮೆ ಉಳಿಯದು. ಸೆನುವಾಳ ಪಾತ್ರ ವಹಿಸಿದ ಮೆಲಿನಾ ಯುರ್ಗೆನ್ಸ್ ಆಗ ವೃತ್ತಿಯಿಂದ ನಟಿಯಾಗಿರಲಿಲ್ಲ, ಸಂಸ್ಥೆಯ ವಿಡಿಯೋ ಸಂಕಲನಕಾರ್ತಿಯಾಗಿದ್ದರು. ಅವರ ಏದುಸಿರು, ಅಳು, ಕಿರುಚಾಟಗಳು ಈ ಧ್ವನಿಲೋಕದ ನಟ್ಟನಡುವೆ ಇವೆ.

ಕೊರತೆಗಳೂ ಇವೆ. ಮರ, ನೆರಳು, ತೊಲೆಗಳನ್ನು ಒಂದು ಕೋನದಿಂದ ಜೋಡಿಸಿ ಪ್ರಾಚೀನ ಲಿಪಿಯ ಅಕ್ಷರ ಹುಡುಕುವ ಒಗಟುಗಳು ಪದೇಪದೇ ಬರುತ್ತವೆ. ಹುಡುಕಾಟ ಲಂಬಿಸಿದಷ್ಟೂ ದನಿಗಳ ಸರಕು ತೀರುತ್ತದೆ, ಕೇಳಿದ್ದನ್ನೇ ಕೇಳಬೇಕಾಗುತ್ತದೆ. ಕಿವಿ ಕೇಳದವರಿಗೆ ಕಾಳಗದ ಎಚ್ಚರಿಕೆಗಳು ದಕ್ಕುವುದು ಕಷ್ಟ. ಭಾಷೆಯ ತೊಡಕು ಇನ್ನೊಂದು. ದನಿಗಳು ಆಡುವುದು ಇಂಗ್ಲಿಷ್, ಅದೂ ಬ್ರಿಟಿಷ್ ಉಚ್ಚಾರದ, ಒಂದರ ಮೇಲೊಂದು ಬೀಳುವ ಪಿಸುಮಾತಿನ ಇಂಗ್ಲಿಷ್. ಕನ್ನಡದಲ್ಲಿ ಈ ಆಟವಿಲ್ಲ. ಆ ವೇಗದ ಇಂಗ್ಲಿಷಿಗೆ ಕಿವಿ ಒಗ್ಗದವರು ಪರದೆಯ ಕೆಳಗಿನ ಸಾಲು ಓದಲು ಹೊರಟರೆ, ಕಿವಿಗೆಂದು ಮಾಡಿದ್ದು ಮತ್ತೆ ಕಣ್ಣಿನ ಪಾಲಾಗುತ್ತದೆ. ಆದರೂ ದನಿಯ ದಿಕ್ಕು, ಹತ್ತಿರ, ಆತಂಕ ಇವುಗಳಿಗೆ ಅನುವಾದ ಬೇಕಿಲ್ಲ. ಮಾತು ಅರ್ಧ ಕೈತಪ್ಪಿದರೂ ಆಟದ ಮುಖ್ಯ ಅನುಭವ ಕೈತಪ್ಪದು.

2018ರಲ್ಲಿ ‘ಹೆಲ್‌ಬ್ಲೇಡ್’ಗೆ ಬ್ರಿಟನ್ನಿನ ಐದು ಬಾಫ್ಟಾ ಪ್ರಶಸ್ತಿಗಳು ಬಂದವು, ಧ್ವನಿಗೆ ಮೀಸಲಾದದ್ದೂ ಅವುಗಳಲ್ಲಿ ಒಂದು. 2024ರಲ್ಲಿ ಬಂದ ಎರಡನೆಯ ಭಾಗವೂ ಇದೇ ದಾರಿಯಲ್ಲಿ ನಡೆದು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಧ್ವನಿ ವಿನ್ಯಾಸದ ಪ್ರಶಸ್ತಿ ಪಡೆಯಿತು. ಎರಡರಲ್ಲಿ ಒಂದನ್ನೇ ಆಡುವುದಾದರೆ ಮೊದಲನೆಯದನ್ನೇ ಆಡಬೇಕು. ಟಿ.ವಿ.ಯ ಸ್ಪೀಕರ್ ಇದಕ್ಕೆ ಒದಗದು, ಏಕೆಂದರೆ ಎಡಕ್ಕೆಂದು ಮುದ್ರಿಸಿದ್ದು ಎರಡೂ ಕಿವಿಗೆ ಬೀಳುತ್ತದೆ. ದುಬಾರಿ ಸಾಧನವೇನೂ ಬೇಕಿಲ್ಲ, ಎರಡೂ ಕಿವಿಗೆ ಸರಿಯಾಗಿ ಕೂರುವ ಸಾಮಾನ್ಯ ಇಯರ್‌ಫೋನ್ ಸಾಕು. ಎಡ ಬಲ ಅದಲುಬದಲಾಗದಂತೆ ಹಾಕಿಕೊಳ್ಳಬೇಕು.